ಶತದ್ರುವಿನ ದಡದಲ್ಲಿ

ನಮ್ಮ ಮಧ್ಯಮ ವರ್ಗದ ಸಂಸಾರಗಳು ದೂರದ ಪ್ರಯಾಣಕ್ಕೆ ಹೊರಡುವುದಕ್ಕೆ ಸಾಮಾನ್ಯವಾಗಿ ಮೂರೇ ಕಾರಣಗಳು: ತೀರ್ಥಯಾತ್ರೆ, ಹವಾ ಬದಲಾವಣೆ, ನೆಂಟರ ಮನೆಯ ಮದುವೆ. ನಾನೂ ನನ್ನಾಕೆಯೂ ಚಳಿಗಾಲದ ರಜೆಯಲ್ಲಿ ಪಂಜಾಬಿನ ಫಿರೋಜ್‌ಪುರಕ್ಕೆ ಹೊರಟದ್ದು ಈ ಮೂರರಲ್ಲಿ ಯಾವುದಕ್ಕೂ ಅಲ್ಲ. ನನ್ನ ತರಗತಿಯ ಹಿಂದಿನ ಬೆಂಚಿನ ಹುಡುಗನೊಬ್ಬನಿಗೆ ನಾನು ಉತ್ತರವೊಂದನ್ನು ಬಾಕಿ ಉಳಿಸಿಕೊಂಡಿದ್ದೆ. ಸಾಲ ತೀರಿಸುವುದಕ್ಕಾಗಿ ಎರಡು ಸಾವಿರ ಮೈಲಿಗೂ ಹತ್ತಿರದ ಪ್ರಯಾಣವೇ ಎಂದು ಓದುಗರು ನಗಬಹುದು, ನನ್ನಾಕೆ ನಕ್ಕೇಬಿಟ್ಟಳು. ಆದರೆ ಹಾಸಿಗೆಯ ಚೀಲ ಕಟ್ಟಿದವಳೂ ಅವಳೇ.

ಸಂಗತಿ ಹೀಗೆ. 2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮಿನ ಹುಲ್ಲುಗಾವಲಿನಲ್ಲಿ 26 ಮಂದಿಯನ್ನು ಗುಂಡಿಟ್ಟು ಕೊಂದರಷ್ಟೆ. ಅವರಲ್ಲಿ ಒಬ್ಬರು ನಮ್ಮ ಶಿವಮೊಗ್ಗೆಯವರು, ಒಬ್ಬರು ಬೆಂಗಳೂರಿನವರು. ಹೆಂಡಿರು ಮಕ್ಕಳ ಕಣ್ಣೆದುರಿಗೇ, ಧರ್ಮ ಯಾವುದೆಂದು ಕೇಳಿ ಕೊಂದರು ಎಂಬುದನ್ನು ಪತ್ರಿಕೆಯಲ್ಲಿ ಓದಿದ ದಿನ ಮಲೆನಾಡಿನ ನಮ್ಮ ಕಾಲೇಜಿನಲ್ಲಿ ಯಾರಿಗೂ ಪಾಠದ ಮೇಲೆ ಮನಸ್ಸಿರಲಿಲ್ಲ. ಅದಾದ ಕೆಲವು ವಾರಗಳ ಮೇಲೆ ಸ್ವಾತಂತ್ರ್ಯ ಹೋರಾಟಕ್ಕೆ ಸಂಬಂಧಿಸಿದ ಗದ್ಯಭಾಗವೊಂದನ್ನು ಬೋಧಿಸುತ್ತ ನಾನು ಭಗತ್ ಸಿಂಗರ ಪ್ರಸ್ತಾಪವೆತ್ತಿದೆ. ದೆಹಲಿಯ ಶಾಸನಸಭೆಯಲ್ಲಿ ಬಾಂಬು ಸಿಡಿದ ಕಥೆಯನ್ನು ತಕ್ಕಮಟ್ಟಿಗೆ ಆವೇಶದಿಂದಲೇ ಹೇಳಿದೆನೆಂದು ಕಾಣುತ್ತದೆ. ಹಿಂದಿನ ಬೆಂಚಿನಿಂದ ಹುಡುಗನೊಬ್ಬ ಎದ್ದು ನಿಂತ.

"ಸಾರ್, ಅವರೂ ಬಾಂಬು ಹಾಕಿದರು, ಇವರೂ ಗುಂಡು ಹೊಡೆದರು. ಅವರನ್ನು ನಾವು ಹುತಾತ್ಮರು ಅನ್ನುತ್ತೇವೆ. ಇವರನ್ನು ಇವರ ಕಡೆಯವರು ಹಾಗೇ ಅನ್ನುತ್ತಾರಂತೆ. ಹಾಗಾದರೆ ವ್ಯತ್ಯಾಸ ಅಂದರೆ, ಅವರು ನಮ್ಮವರು ಅನ್ನುವುದು ಮಾತ್ರವೇ?"

ಕೇಳಿದ ದನಿಯಲ್ಲಿ ಕುಚೋದ್ಯವಿರಲಿಲ್ಲ. ಸತ್ತವರಿಗಾಗಿ ಎಲ್ಲರಿಗಿಂತ ಹೆಚ್ಚು ನೊಂದವನು ಅವನೇ ಎಂಬುದು ನನಗೆ ಗೊತ್ತಿತ್ತು. ಆದರೂ ನಾನು ಗದರಿದೆ. "ತಾಯ್ನಾಡಿಗಾಗಿ ಪ್ರಾಣವನ್ನೇ ಕೊಟ್ಟ ಮಹನೀಯರನ್ನು ಕೊಲೆಗಡುಕರೊಡನೆ ಹೋಲಿಸಲು ನಿನಗೆ ನಾಚಿಕೆಯಾಗಬೇಕು" ಎಂದೆ. ತರಗತಿ ಚಪ್ಪಾಳೆ ತಟ್ಟಿತು. ಹುಡುಗ ಕೂತ. ಹನ್ನೆರಡು ವರ್ಷಗಳಿಂದ ಪಾಠ ಹೇಳುತ್ತಿರುವ ನನಗೆ ಚಪ್ಪಾಳೆ ಅಪರೂಪದ ವಸ್ತು. ಅಂದಿನದು ಮಾತ್ರ ಮನೆಗೆ ಬಂದ ಮೇಲೂ ಕಿವಿಯಲ್ಲಿ ಕಹಿಯಾಗಿ ಉಳಿಯಿತು. ಪ್ರಾಣ ಕೊಡುವುದೇ ಗುರುತಾಗುವುದಾದರೆ, 2008ರಲ್ಲಿ ಕಡಲ ದಾರಿಯಿಂದ ಮುಂಬಯಿಗೆ ಬಂದ ಹತ್ತು ಜನರೂ ಸಾಯಲೆಂದೇ ಬಂದವರು. ನನ್ನ ಉತ್ತರ ಉತ್ತರವೇ ಆಗಿರಲಿಲ್ಲ.

ಕನ್ನಡ ಮೇಷ್ಟರಿಗೆ ಕಷ್ಟ ಬಂದಾಗ ಹೋಗುವ ತವರುಮನೆಯೆಂದರೆ ನಿಘಂಟು. ಭಯ, ಉತ್ಪಾದಕ: ಗುಣಸಂಧಿಯಾಗಿ ಭಯೋತ್ಪಾದಕ. ಭಯವನ್ನು ಹುಟ್ಟಿಸುವವನು. ಕ್ರಾಂತಿ ಎಂಬುದಕ್ಕೆ ಮೂಲ 'ಕ್ರಮ್' ಧಾತು, ಹೆಜ್ಜೆಯಿಡುವುದು, ದಾಟುವುದು; ನಮ್ಮ ಸಂಕ್ರಾಂತಿಯಲ್ಲಿ ಸೂರ್ಯ ದಾಟುವುದೂ ಅದೇ ದಾಟು. ಸಂಧಿಯೇನೋ ಬಿಡಿಸಿದ್ದಾಯಿತು, ಗಂಟು ಬಿಡಲಿಲ್ಲ. ಕೊನೆಗೆ, ಆ ಮೂವರನ್ನು ಸುಟ್ಟ ಸ್ಥಳವನ್ನಾದರೂ ಒಮ್ಮೆ ಕಣ್ಣಾರೆ ನೋಡಿ ಬರೋಣವೆಂದು ಹೊರಟೆವು.

ದೆಹಲಿಯಿಂದ ಫಿರೋಜ್‌ಪುರಕ್ಕೆ ಪಂಜಾಬ್ ಮೇಲ್ ಹೋಗುತ್ತದೆ. ಮುಂಬಯಿಯಿಂದ ಹೊರಡುವ ಈ ಗಾಡಿ ದೇಶವಿಭಜನೆಗೆ ಮುಂಚೆ ಪೆಷಾವರದವರೆಗೂ ಓಡುತ್ತಿತ್ತು. ಈಗ ಗಡಿ ಅದನ್ನು ಫಿರೋಜ್‌ಪುರದಲ್ಲೇ ತಡೆದು ನಿಲ್ಲಿಸಿದೆ. ರಾತ್ರಿಯ ಪ್ರಯಾಣ. ನಮ್ಮೆದುರಿನ ಸೀಟಿನಲ್ಲಿ ಸುಮಾರು ಎಂಬತ್ತರ ಸಮೀಪದ ಸರ್ದಾರ್ಜಿಯೊಬ್ಬರು, ನಿವೃತ್ತ ಶಾಲಾ ಉಪಾಧ್ಯಾಯರು. ನಾನೂ ಉಪಾಧ್ಯಾಯನೆಂದು ತಿಳಿದೊಡನೆ ಸ್ಟೀಲಿನ ಡಬ್ಬಿ ತೆರೆದು ಮೆಂತ್ಯಸೊಪ್ಪಿನ ರೊಟ್ಟಿ, ಉಪ್ಪಿನಕಾಯಿ ನಮ್ಮ ಮುಂದಿಟ್ಟರು. ನನ್ನಾಕೆ ಕೋಡುಬಳೆಯ ಡಬ್ಬಿ ತೆರೆದಳು. ಭಾರತದ ಐಕ್ಯ ಎಲ್ಲಿದೆಯೆಂದು ಹುಡುಕುವವರು ರೈಲಿನ ಎರಡನೆಯ ತರಗತಿಯಲ್ಲಿ ರಾತ್ರಿ ಎಂಟು ಗಂಟೆಗೆ ಹುಡುಕಬೇಕು.

ಎಲ್ಲಿಗೆ ಹೋಗುತ್ತೀರಿ, ಏಕೆ ಹೋಗುತ್ತೀರಿ ಎಂದು ಕೇಳಿದರು. ನನ್ನ ಹರಕುಮುರುಕು ಹಿಂದಿಯಲ್ಲಿ ಹುಡುಗನ ಪ್ರಶ್ನೆಯನ್ನು ಹೇಳಿದೆ. ಮುದುಕರು ಬಹಳ ಹೊತ್ತು ಕಿಟಕಿಯ ಕತ್ತಲೆಯನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದರು:

"ಬೇಟಾ, 1931ರಲ್ಲಿ ನನ್ನ ತಂದೆಗೆ ಹನ್ನೆರಡು ವರ್ಷ. ಭಗತ್ ಸಿಂಗನ ಹೆಸರು ಹೇಳಿದರೆ ಅವರ ಬೀದಿಯಲ್ಲಿ ಒಬ್ಬನೂ ಬಾಗಿಲು ಹಾಕಿಕೊಳ್ಳಲಿಲ್ಲವಂತೆ. ಹಿಂದೂ, ಮುಸಲ್ಮಾನ, ಸಿಖ್, ಎಲ್ಲರ ಮನೆಯಲ್ಲೂ ಅವತ್ತು ಒಲೆ ಹೊತ್ತಲಿಲ್ಲ. ನಾನು ಮೇಷ್ಟರಾಗಿದ್ದಾಗ ಬೇರೆ ಹುಡುಗರು ಬಂದೂಕು ಹಿಡಿದರು. ಆಗ ಸಂಜೆಯ ಬಸ್ಸಿನಲ್ಲಿ ಕೂತವರೆಲ್ಲ ಪಕ್ಕದವನ ಮುಖ ನೋಡಿ, ಇವನ ಹೆಸರು ಏನಿರಬಹುದು ಎಂದು ಯೋಚಿಸುತ್ತಿದ್ದೆವು. ನಾನೂ ಯೋಚಿಸುತ್ತಿದ್ದೆ."

ಅವರು ಹೇಳಿದ ಕಾಲ ಪಂಜಾಬಿಗೆ ಇಂದಿಗೂ ಮಾಯದ ಗಾಯ. 1983ರ ಅಕ್ಟೋಬರ್ 5ರಂದು ಧಿಲ್ವಾಂ ಎಂಬಲ್ಲಿ ಬಸ್ಸೊಂದನ್ನು ತಡೆದು ಆರು ಮಂದಿ ಹಿಂದೂ ಪ್ರಯಾಣಿಕರನ್ನು ಬೇರ್ಪಡಿಸಿ ಕೊಂದರು. 1987ರ ಜುಲೈಯಲ್ಲಿ ಲಾಲ್ರೂ ಬಳಿ ಒಂದೇ ಬಸ್ಸಿನಲ್ಲಿ 38 ಜನ ಹತರಾದರು. ನಾನು ಇದನ್ನು ನೆನೆಯುತ್ತಿರುವಾಗ ಮುದುಕರೇ ಮತ್ತೆ ಹೇಳಿದರು: "ಬಂದೂಕು ಬೇಕೆಂದೇ ಇಲ್ಲ. 1984ರಲ್ಲಿ ದೆಹಲಿಯಲ್ಲಿ ನಮ್ಮವರನ್ನು ಕೊಂದವರ ಕೈಯಲ್ಲಿ ಸೀಮೆಎಣ್ಣೆಯ ಡಬ್ಬ ಇತ್ತು. ಹೆಸರೂ ಕೇಳಲಿಲ್ಲ, ಪಗಡಿ ನೋಡಿದರು, ಸಾಕಾಯಿತು." ಹೀಗೆಂದು ರಜಾಯಿ ಹೊದ್ದು ಮಲಗಿಬಿಟ್ಟರು. ನನಗೆ ನಿದ್ದೆ ಬರಲಿಲ್ಲ.

ಬೆಳಗಿನ ಜಾವ ಫಿರೋಜ್‌ಪುರದಲ್ಲಿ ಇಳಿದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಫಲಕದ ಅಕ್ಷರಗಳನ್ನು ಹತ್ತಿರ ಹೋಗಿ ಓದಬೇಕಾಯಿತು. ನಮ್ಮ ಆಗುಂಬೆಯ ಮಂಜಿನಲ್ಲಿ ಹಸಿಮಣ್ಣಿನ ವಾಸನೆಯಿರುತ್ತದೆ. ಇಲ್ಲಿಯದರಲ್ಲಿ ಹೊಗೆಯ, ಕಬ್ಬಿಣದ ವಾಸನೆ. ಊರು ದಂಡಿನ ಊರು. ಅಗಲವಾದ ನೇರ ರಸ್ತೆಗಳು, ಎರಡು ಕಡೆಯೂ ಮರಗಳು, ಎಲ್ಲಿ ನೋಡಿದರೂ ಸಿಪಾಯಿಗಳ ಸ್ಮಾರಕಗಳು. ಹಳೆಯ ಪೇಟೆಯ ತೂಡಿ ಬಜಾರಿನಲ್ಲಿ, ಭಗತ್ ಸಿಂಗರ ಸಂಗಡಿಗರು 1928ರಲ್ಲಿ ಗುಟ್ಟಾಗಿ ತಂಗಿದ್ದ ಮನೆಯಿದೆ. ಡಾಕ್ಟರ್ ಗಯಾ ಪ್ರಸಾದ್ ಎಂಬುವರು ಕೆಳಗೆ ಔಷಧದಂಗಡಿ ಇಟ್ಟಿದ್ದರು. ಮೇಲೆ ಕ್ರಾಂತಿಕಾರರ ವಾಸ. ಅಲ್ಲಿಯ ಓಣಿ ಎಷ್ಟು ಇಕ್ಕಟ್ಟೆಂದರೆ ನಮ್ಮ ಆಟೋ ಚಾಲಕ ಅರ್ಧದಲ್ಲೇ ಕೈಚೆಲ್ಲಿದ. 2015ರಲ್ಲಿ ಸರ್ಕಾರ ಆ ಮನೆಯನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು. ಹೊರಗಿನಿಂದಲೇ ನೋಡಿ ಮುಂದೆ ಹೊರಟೆವು.

ಹುಸೇನಿವಾಲಾ ಅಲ್ಲಿಂದ ಹತ್ತು ಹನ್ನೊಂದು ಕಿಲೋಮೀಟರು. ಗೋಧಿಯ ಹೊಲಗಳ ನಡುವೆ ದಾರಿ. ಪಕ್ಕದಲ್ಲೇ ರೈಲು ಹಳಿ ಬರುತ್ತದೆ. ಒಂದು ಕಾಲಕ್ಕೆ ಲಾಹೋರಿಗೆ ಹೋಗುತ್ತಿದ್ದ ಹಳಿ ಈಗ ನದಿಯ ಬಳಿ ಮುಗಿದುಹೋಗುತ್ತದೆ. ಮಾರ್ಚ್ 23ರ ಮೇಳಕ್ಕೆ ಫಿರೋಜ್‌ಪುರದಿಂದ ವಿಶೇಷ ಗಾಡಿ ಬಿಡುತ್ತಾರಂತೆ. ಆಮೇಲೆ ನದಿ. ಸತ್ಲಜ್ ಎಂದು ಭೂಪಟದಲ್ಲಿ ಕಾಣುವ ಈ ನದಿ ನಮ್ಮ ಪುರಾಣದ ಶತದ್ರು. ಮಕ್ಕಳನ್ನು ಕಳೆದುಕೊಂಡ ವಸಿಷ್ಠರು ಸಾಯಲೆಂದು ಇದಕ್ಕೆ ಹಾರಿದರಂತೆ. ಆಗ ನದಿ ನೂರು ಕವಲಾಗಿ ಓಡಿಹೋಯಿತೆಂದು ಮಹಾಭಾರತದ ಆದಿಪರ್ವ ಹೇಳುತ್ತದೆ. ಒಂದು ಸಾವನ್ನು ಒಲ್ಲೆನೆಂದ ನದಿ ಇದು.

1931ರ ಮಾರ್ಚ್ 23ರ ರಾತ್ರಿ ಅದಕ್ಕೆ ಒಲ್ಲೆನೆನ್ನುವ ಅವಕಾಶವಿರಲಿಲ್ಲ. ಭಗತ್ ಸಿಂಗ್, ಸುಖದೇವ್, ರಾಜಗುರು ಇವರನ್ನು ಮರುದಿನ ಬೆಳಿಗ್ಗೆ ಗಲ್ಲಿಗೇರಿಸಬೇಕಾಗಿತ್ತು. ಗಲ್ಲಿನ ಶಿಕ್ಷೆ ಬೆಳಗಿನ ಹೊತ್ತು ನಡೆಯುವುದು ರೂಢಿ. ಆದರೆ ಲಾಹೋರಿನ ಸೆರೆಮನೆಯಲ್ಲಿ ಅಂದು ಸಂಜೆಯೇ, ಏಳು ಗಂಟೆಯ ಸುಮಾರಿಗೆ, ಮೂವರನ್ನೂ ಗಲ್ಲಿಗೇರಿಸಿದರು. ಹೊರಗೆ ಜನ ಸೇರುತ್ತಾರೆಂಬ ಅಂಜಿಕೆಯಿಂದ ಸೆರೆಮನೆಯ ಹಿಂದಿನ ಗೋಡೆಯನ್ನು ಒಡೆದು ಶವಗಳನ್ನು ಸಾಗಿಸಿದರೆಂದು ಹೇಳುತ್ತಾರೆ. ಕತ್ತಲಲ್ಲಿ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ ತಂದು, ಗಂಡಾ ಸಿಂಗ್ ವಾಲಾ ಹಳ್ಳಿಯ ಹತ್ತಿರ ಈ ದಡದಲ್ಲಿ ಅವಸರವಸರವಾಗಿ ಸುಟ್ಟು, ಬೂದಿಯನ್ನು ನೀರಿಗೆ ಚೆಲ್ಲಿದರು. ಸೂರ್ಯ ಮುಳುಗದ ಸಾಮ್ರಾಜ್ಯವು ಮೂರು ಹೆಣಗಳಿಗೆ ಹೆದರಿ ರಾತ್ರಿಯೆಲ್ಲ ಓಡಾಡಿದ ಕಥೆ ಇದು. ಅವರನ್ನು ಅಂದಿನ ಸರ್ಕಾರ ಕರೆಯುತ್ತಿದ್ದುದು ಭಯೋತ್ಪಾದಕರೆಂದೇ. ಮುದುಕ ಮೇಷ್ಟರ ಮಾತು ನೆನಪಾಯಿತು: ಹೆಸರು ಕೇಳಿ ಬಾಗಿಲು ಹಾಕಿಕೊಂಡವರು ಯಾರು?

ಸ್ಮಾರಕದ ಜಾಗಕ್ಕೂ ತನ್ನದೇ ಒಂದು ಕಥೆಯಿದೆ. ವಿಭಜನೆಯಲ್ಲಿ ಇದು ಪಾಕಿಸ್ತಾನಕ್ಕೆ ಸೇರಿತ್ತು. 1961ರಲ್ಲಿ ಸುಲೇಮಾನ್ಕಿ ಅಣೆಕಟ್ಟಿನ ಬಳಿಯ 12 ಹಳ್ಳಿಗಳನ್ನು ಕೊಟ್ಟು ಭಾರತ ಇದನ್ನು ಪಡೆಯಿತು. ನಾಲ್ಕು ಹಿಡಿ ಬೂದಿಯೂ ಉಳಿಯದ ನೆಲಕ್ಕೆ ಹನ್ನೆರಡು ಹಳ್ಳಿ! ಆಮೇಲೆ ಕಟ್ಟಿದ ಸ್ಮಾರಕ 1971ರ ಯುದ್ಧದಲ್ಲಿ ಜಖಂಗೊಂಡಿತು; 1973ರಲ್ಲಿ ಮತ್ತೆ ಕಟ್ಟಿದರು. ಹಳೆಯ ಸೇತುವೆಯ ಗೋಪುರದ ಮೇಲೆ ಗುಂಡಿನ ಗುರುತುಗಳಿವೆ. ಸ್ಮಾರಕದ ಆವರಣ ಅಚ್ಚುಕಟ್ಟಾಗಿದೆ. ಹುಲ್ಲುಹಾಸು, ಚೆಂಡುಹೂವಿನ ಪಾತಿ, ಮೂವರ ವಿಗ್ರಹಗಳು. ಭಗತ್ ಸಿಂಗರ ತಾಯಿ ವಿದ್ಯಾವತಿಯವರ ಸಮಾಧಿಯೂ ಇಲ್ಲೇ ಇದೆ. 1975ರಲ್ಲಿ ತೀರಿಕೊಂಡಾಗ ಮಗನನ್ನು ಸುಟ್ಟ ಕಡೆಯಲ್ಲೇ ತಾಯಿಯ ಸಂಸ್ಕಾರವೂ ನಡೆಯಿತು. ಇನ್ನೊಂದು ಸಮಾಧಿ ಬಟುಕೇಶ್ವರ ದತ್ತರದು. ಶಾಸನಸಭೆಯಲ್ಲಿ ಭಗತ್ ಸಿಂಗರ ಪಕ್ಕದಲ್ಲಿ ನಿಂತು ಬಾಂಬೆಸೆದು, ಗಲ್ಲು ತಪ್ಪಿ, ಅಂಡಮಾನಿನ ಸೆರೆ ಕಂಡು, ಸ್ವತಂತ್ರ ಭಾರತದಲ್ಲಿ ಹೆಚ್ಚು ಜನರಿಗೆ ನೆನಪಿಲ್ಲದೆ ಬದುಕಿ, 1965ರಲ್ಲಿ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡವರು. ಗೆಳೆಯರಿದ್ದಲ್ಲಿಗೇ ನನ್ನನ್ನೂ ಒಯ್ಯಿರಿ ಎಂಬುದು ಅವರ ಕೊನೆಯ ಆಸೆಯಾಗಿತ್ತು. ಮೂವರ ವಿಗ್ರಹಗಳಿಗಿಂತ ಈ ಸಮಾಧಿಯೇ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿತು. ಸಾಯುವುದಕ್ಕೆ ಒಂದು ಬಗೆಯ ಧೈರ್ಯ ಬೇಕು. ಮರೆತುಹೋದವನಾಗಿ ಮೂವತ್ತನಾಲ್ಕು ವರ್ಷ ಬದುಕುವುದಕ್ಕೆ ಬೇಕಾದದ್ದು ಇನ್ನೊಂದು ಬಗೆಯದು.

1929ರ ಏಪ್ರಿಲ್ 8ರ ಆ ಬಾಂಬನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಕೂಲಿಕಾರರ ಮುಷ್ಕರದ ಹಕ್ಕನ್ನು ಮೊಟಕುಗೊಳಿಸುವ ಮಸೂದೆಯೂ, ಸಾರ್ವಜನಿಕ ರಕ್ಷಣೆಯ ಹೆಸರಿನ ಇನ್ನೊಂದು ಮಸೂದೆಯೂ ಸಭೆಯ ಮುಂದಿದ್ದವು. ಅಧ್ಯಕ್ಷಪೀಠದಲ್ಲಿ ವಿಠ್ಠಲಭಾಯಿ ಪಟೇಲರು. ಜನರಿಲ್ಲದ ಜಾಗ ನೋಡಿ ಎರಡು ಬಾಂಬುಗಳನ್ನು ಎಸೆದರು. ಕೆಲವರಿಗೆ ಪೆಟ್ಟಾಯಿತು, ಯಾರೂ ಸಾಯಲಿಲ್ಲ. ಹೊಗೆಯಲ್ಲಿ ಓಡಿಹೋಗಬಹುದಾಗಿತ್ತು. ಇಬ್ಬರೂ ಓಡಲಿಲ್ಲ, ಕೆಂಪು ಕರಪತ್ರಗಳನ್ನು ತೂರಿ, ಪೊಲೀಸರು ಬರುವವರೆಗೆ ನಿಂತರು. ಏಕೆ ಹೀಗೆ ಮಾಡಿದೆವೆಂಬುದನ್ನು ನ್ಯಾಯಾಲಯದಲ್ಲಿ ಬರೆದು ಓದಿಸಿದರು. ಇದಕ್ಕೆ ಇಪ್ಪತ್ತೊಂದು ವರ್ಷ ಹಿಂದೆ, 1908ರ ಏಪ್ರಿಲ್ 30ರಂದು, ಮುಜಫ್ಫರ್‌ಪುರದಲ್ಲಿ ಖುದಿರಾಮ ಬೋಸ್ ಮತ್ತು ಪ್ರಫುಲ್ಲ ಚಾಕಿ ಇವರು ಕಿಂಗ್ಸ್‌ಫರ್ಡ್ ಎಂಬ ನ್ಯಾಯಾಧೀಶನ ಗಾಡಿಯೆಂದು ತಿಳಿದು ಎಸೆದ ಬಾಂಬಿಗೆ ಕೆನಡಿ ಎಂಬ ವಕೀಲರ ಹೆಂಡತಿಯೂ ಮಗಳೂ ಬಲಿಯಾಗಿದ್ದರು. ನಮ್ಮ ಪಠ್ಯಗಳಲ್ಲಿ ಖುದಿರಾಮರ ಹದಿನೆಂಟು ವರ್ಷದ ವಯಸ್ಸನ್ನು ಹೇಳುತ್ತೇವೆ. ಆ ಇಬ್ಬರು ಹೆಂಗಸರನ್ನು ಒಂದು ಉಪವಾಕ್ಯದಲ್ಲಿ ದಾಟಿಬಿಡುತ್ತೇವೆ. ಬರಿದಾದ ಬೆಂಚುಗಳತ್ತ ಎಸೆದ ಕೈಗೆ ಆ ಗಾಡಿಯ ನೆನಪು ಇದ್ದಿರಬೇಕೆಂದು ನನಗೆ ತೋರುತ್ತದೆ.

ಇಷ್ಟನ್ನು ನನ್ನಾಕೆಗೆ ಹೇಳುತ್ತ, ಉಪನ್ಯಾಸಕನ ಹುಟ್ಟುಗುಣದಿಂದ ದನಿಯೇರಿಸುತ್ತ, ಸಾಂಡರ್ಸನ ವಿಷಯಕ್ಕೆ ಬಂದೆ. 1928ರ ಅಕ್ಟೋಬರ್ 30ರಂದು ಲಾಹೋರಿನಲ್ಲಿ ಲಾಲಾ ಲಜಪತರಾಯರ ಮೇಲೆ ಲಾಠಿ ಬಿತ್ತು. ನವೆಂಬರ್ 17ರಂದು ಅವರು ತೀರಿಕೊಂಡರು. ಒಂದು ತಿಂಗಳಿಗೆ ಸರಿಯಾಗಿ, ಡಿಸೆಂಬರ್ 17ರಂದು, ಪೊಲೀಸ್ ಅಧಿಕಾರಿ ಸ್ಕಾಟ್ ಎಂದು ತಿಳಿದು ಸಾಂಡರ್ಸ್ ಎಂಬ ಕಿರಿಯ ಅಧಿಕಾರಿಯನ್ನು ಗುಂಡಿಟ್ಟು ಕೊಂದರು. ಬೆನ್ನಟ್ಟಿ ಬಂದ ಹೆಡ್ ಕಾನ್‌ಸ್ಟೇಬಲ್ ಚನನ್ ಸಿಂಗನನ್ನು, ಹಿಂದಿರುಗೆಂದು ಎಚ್ಚರಿಸಿದರೂ ನಿಲ್ಲದಿದ್ದಾಗ, ಚಂದ್ರಶೇಖರ ಆಜಾದರು ಹೊಡೆದರು.

"ಸಾಂಡರ್ಸನಿಗೆ ಎಷ್ಟು ವಯಸ್ಸು?" ಎಂದು ಕೇಳಿದಳು.

"ಇಪ್ಪತ್ತೊಂದು."

"ಭಗತ್ ಸಿಂಗರಿಗೆ?"

"ಇಪ್ಪತ್ತೊಂದು."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಲ್ಲಾಂದ್ರೆ, ಆ ಚನನ್ ಸಿಂಗ್ ಏನು ತಪ್ಪು ಮಾಡಿದ್ದ? ನಮ್ಮ ಅಪ್ಪನ ಹಾಗೆ ಸಂಬಳಕ್ಕೆ ದುಡಿಯುತ್ತಿದ್ದವನು. ಅವನ ಹೆಸರು ಇಲ್ಲಿ ಎಲ್ಲಾದರೂ ಇದೆಯೇ?"

ನನ್ನ ಮಾವನವರು ಇಪ್ಪತ್ತೆಂಟು ವರ್ಷ ಪೊಲೀಸ್ ಪೇದೆಯಾಗಿದ್ದವರು. ನಾನು ಸ್ಮಾರಕದ ಸುತ್ತ ಒಮ್ಮೆ ಬಂದೆ. ಹೆಸರು ಕಾಣಲಿಲ್ಲ. ಇರುವುದೂ ಹೇಗೆ?

ಚೆಂಡುಹೂವಿನ ಪಾತಿಯ ಬಳಿ ಕಲ್ಲುಬೆಂಚಿನ ಮೇಲೆ ಕೂತೆವು. ನನ್ನ ಉತ್ತರ ಅಲ್ಲಿ ಹುಟ್ಟಿತೆಂದು ಹೇಳಲಾರೆ. ಆದರೆ ಅದು ಎಲ್ಲಿ ಹುಟ್ಟಬೇಕೆಂಬುದು ಕಾಣಿಸಿತು. ಈ ಹುಡುಗರ ಕೈಗೆ ರಕ್ತ ತಾಗಿಲ್ಲವೆಂದು ನಾನು ತರಗತಿಯಲ್ಲಿ ಹೇಳಿದ್ದರೆ ಅದು ಸುಳ್ಳು. ತಾಗಿತ್ತು. ಆದರೆ ಅವರು ಅದನ್ನು ನೋಡಿದರು. ಸಾಂಡರ್ಸನ ವಧೆಯಾದ ಮೇಲೆ ಗೋಡೆಗಳಿಗೆ ಅಂಟಿಸಿದ ಪತ್ರದಲ್ಲೇ, ಒಬ್ಬ ಮನುಷ್ಯನ ರಕ್ತ ಚೆಲ್ಲಬೇಕಾಯಿತಲ್ಲ ಎಂಬ ವ್ಯಥೆ ಬರೆದಿದ್ದರು. ಕೊಂದದ್ದಕ್ಕೆ ಅದು ಸಮಾಧಾನವಲ್ಲ, ನಿಜ. ಆದರೂ, ಸತ್ತವನು ಮನುಷ್ಯನೆಂದು ಬರೆದರು. ಪಹಲ್ಗಾಮಿನಲ್ಲಿ ಧರ್ಮ ಕೇಳಿ ಗುಂಡು ಹೊಡೆದವರಿಗೆ, ಧಿಲ್ವಾಂನಲ್ಲಿ ಬಸ್ಸಿನಿಂದ ಇಳಿಸಿದವರಿಗೆ, ದೆಹಲಿಯಲ್ಲಿ ಪಗಡಿ ಹುಡುಕಿದವರಿಗೆ, ಸಾಯಬೇಕಾದವನು ಏನು ಮಾಡಿದ್ದಾನೆಂಬುದು ಬೇಕಾಗಿರಲಿಲ್ಲ; ಯಾರಿಗೆ ಹುಟ್ಟಿದ್ದಾನೆಂಬುದೇ ಸಾಕಾಗಿತ್ತು. ಸತ್ತವನು ಅಲ್ಲಿ ಗುರಿಯೂ ಅಲ್ಲ, ಒಂದು ಕಾಗದದ ಹಾಳೆ. ಬದುಕಿರುವವರು ಓದಲೆಂದು ಅದರ ಮೇಲೆ ಭಯವನ್ನು ಬರೆಯುತ್ತಾರೆ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ದೊಡ್ಡದೆಂದು ಕಂಡಿತು. ಸೆರೆಯಲ್ಲಿ ಆ ತರುಣರು ತಮ್ಮ ಶಕ್ತಿಯನ್ನೆಲ್ಲ ತಿರುಗಿಸಿದ್ದು ತಮ್ಮ ಮೈಯ ಮೇಲೆಯೇ. ರಾಜಕೀಯ ಕೈದಿಗಳಿಗೆ ಸಲ್ಲಬೇಕಾದ ಅನ್ನ, ಪುಸ್ತಕ, ಗೌರವಕ್ಕಾಗಿ ಉಪವಾಸ ಹೂಡಿದರು. 63 ದಿನ ಹಸಿದು 1929ರ ಸೆಪ್ಟೆಂಬರ್ 13ರಂದು ಯತೀಂದ್ರನಾಥ ದಾಸರು ಸತ್ತೇಹೋದರು. ಭಗತ್ ಸಿಂಗ್ ಸೆರೆಯಲ್ಲಿ ಓದಿದರು, ಟಿಪ್ಪಣಿ ಬರೆದರು, ತಮ್ಮನ್ನೇ ಪ್ರಶ್ನಿಸಿಕೊಂಡರು. ಗಲ್ಲಿಗೆ ಎರಡು ತಿಂಗಳೂ ಉಳಿದಿಲ್ಲದ 1931ರ ಫೆಬ್ರವರಿಯಲ್ಲಿ ತರುಣ ಕಾರ್ಯಕರ್ತರಿಗೆ ಬರೆದ ಪತ್ರದಲ್ಲಿ, ತಾನು ಭಯೋತ್ಪಾದಕನಲ್ಲ, ಪ್ರಾರಂಭದ ದಿನಗಳಲ್ಲಿ ಹಾಗಿದ್ದಿರಬಹುದೇನೋ ಎಂಬರ್ಥದ ಮಾತು ಬರುತ್ತದೆ. ಬಾಂಬಿನಿಂದ ಏನೂ ಸಾಧಿಸಲಾಗದೆಂದೂ, ಹೊಲದಲ್ಲಿ, ಕಾರ್ಖಾನೆಯಲ್ಲಿ ದುಡಿಯುವವರ ನಡುವೆ ವರ್ಷಗಟ್ಟಲೆ ಕೆಲಸ ಮಾಡಬೇಕೆಂದೂ ಬರೆದರು. ಪ್ರಾರಂಭದಲ್ಲಿ ಇದ್ದಿರಬಹುದು! ಈ ಅರ್ಧ ವಾಕ್ಯವನ್ನು ನಮ್ಮ ಭಾಷಣಕಾರರು ನುಂಗಿಬಿಡುತ್ತಾರೆ. ನನಗಾದರೋ ಅವರ ಬಗೆಗಿನ ಗೌರವ ಇಮ್ಮಡಿಸಿದ್ದು ಅಲ್ಲಿಯೇ. ಸಾವು ಬಾಗಿಲಲ್ಲಿ ನಿಂತಿರುವಾಗ, ಹೊಗಳುವ ದೇಶ ಹೊರಗಿರುವಾಗ, ನನ್ನ ಮೊದಲ ಹೆಜ್ಜೆ ತಪ್ಪಿತ್ತೇನೋ ಎನ್ನುವವನನ್ನು ನಿಘಂಟಿನ ಯಾವ ಪದದ ಕೆಳಗೆ ಇಡಬೇಕು?

ಗಾಂಧೀಜಿ ಇವರ ದಾರಿಯನ್ನು ಒಪ್ಪಲಿಲ್ಲ. 1930ರ ಜನವರಿಯಲ್ಲಿ ಬಾಂಬಿನ ಆರಾಧನೆಯನ್ನು ಖಂಡಿಸಿ ಬರೆದರು. ಭೂಗತರಾಗಿದ್ದ ಕ್ರಾಂತಿಕಾರರು ಮುದ್ರಿತ ಪತ್ರದ ಮೂಲಕವೇ ಮರುತ್ತರ ಕೊಟ್ಟರು. ವಾದ ಮಾಡಿದರು ಎಂಬುದನ್ನು ಗಮನಿಸಬೇಕು, ವಾದಿಸಿದವನನ್ನು ಕೊಲ್ಲಲಿಲ್ಲ. ಗಲ್ಲಿನ ಕೆಲವೇ ದಿನಗಳ ಮೇಲೆ ಕರಾಚಿಯಲ್ಲಿ ಸೇರಿದ ಕಾಂಗ್ರೆಸ್ಸು, ಹಿಂಸೆಯನ್ನು ಒಪ್ಪುವುದಿಲ್ಲವೆಂದು ಹೇಳುತ್ತಲೇ ಆ ಮೂವರ ಧೈರ್ಯತ್ಯಾಗಗಳನ್ನು ಕೊಂಡಾಡಿತು. ಈ ಇಬ್ಬಂದಿಯನ್ನು ಅನೇಕರು ಹಾಸ್ಯಮಾಡುತ್ತಾರೆ. ನನಗೆ ಅದು ಪ್ರಾಮಾಣಿಕವೆಂದೇ ತೋರುತ್ತದೆ. ಆ ಕಲ್ಲುಬೆಂಚಿನ ಮೇಲೆ ಕೂತ ನನ್ನ ಸ್ಥಿತಿಯೂ ಅದೇ ಆಗಿತ್ತು.

ಬಿಸಿಲೇರಿ ಮಂಜು ಕರಗಿತು. ಶಾಲೆಯ ಮಕ್ಕಳ ಗುಂಪೊಂದು ಬಂದು ವಿಗ್ರಹಗಳ ಮುಂದೆ ಸಾಲಾಗಿ ನಿಂತು ಛಾಯಾಚಿತ್ರ ತೆಗೆಸಿಕೊಂಡಿತು. ನನ್ನಾಕೆ ಹೂವಿನವನಲ್ಲಿ ನಾಲ್ಕು ಹಾರ ಕೊಂಡು ಮೂವರಿಗೆ ಮೂರು, ದತ್ತರಿಗೆ ಒಂದು ಹಾಕಿದಳು. ಒಂದು ಬಿಡಿಹೂವನ್ನು ತೆಗೆದುಕೊಂಡು ಹೋಗಿ ನೀರಿಗೆ ಬಿಟ್ಟಳು. ಯಾರಿಗೆಂದು ನಾನು ಕೇಳಲಿಲ್ಲ.

ರಜೆ ಮುಗಿದು ಕಾಲೇಜು ತೆರೆಯಿತು. ಮೊದಲ ದಿನವೇ ತರಗತಿಯಲ್ಲಿ, ಬೇಸಗೆಯಲ್ಲಿ ನಾನು ಹೇಳಿದ್ದು ಉತ್ತರವಲ್ಲವೆಂದೂ, ಪ್ರಶ್ನೆ ಕೇಳಿದವನನ್ನು ಗದರಿಸಿದ್ದು ನನ್ನ ತಪ್ಪೆಂದೂ ಹೇಳಿದೆ. ಆ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ನದಿಯಿಂದ ಮೊದಲುಮಾಡಿ, ರೈಲಿನ ಮುದುಕರು, ಕೆನಡಿಯ ಹೆಂಡತಿ ಮಗಳು, ಬರಿಯ ಬೆಂಚುಗಳು, ಫೆಬ್ರವರಿಯ ಪತ್ರ ಎಲ್ಲವನ್ನೂ ಒಂದು ಗಂಟೆ ಹೇಳಿದೆ. ಗಂಟೆ ಬಾರಿಸಿತು. ಹುಡುಗರೆಲ್ಲ ಎದ್ದರು. ಹಿಂದಿನ ಬೆಂಚಿನವನು ಮಾತ್ರ ಎದ್ದಿರಲಿಲ್ಲ. ನೋಟ್‌ಬುಕ್ಕಿನ ಮೇಲೆ ಬಗ್ಗಿ ಏನೋ ಬರೆಯುತ್ತಿದ್ದ. ನಾನು ಹತ್ತಿರ ಹೋದಾಗ ತಲೆಯೆತ್ತಿ ಕೇಳಿದ:

"ಚನನ್ ಸಿಂಗ್ ಅನ್ನುವಾಗ, ಸಾರ್, ಎರಡೂ ದಂತ್ಯ ನಕಾರವೇ?"